ಆಯಿಯ ಇ-ರೀಡರ್‌ಗೆ ಮತ್ತೆ ವೈಫೈ ಹಿಡಿಸಿದ್ದು: ಕುಮಟಾದ ಒಂದು ಮಳೆಗಾಲದ ರಿಪೇರಿ ಟಿಪ್ಪಣಿ

ಆಯಿಯ ಇ-ರೀಡರ್ ಈಗ ಜಗಲಿಯಲ್ಲಿ ವೈಫೈ ಹಿಡಿಯುತ್ತಿದೆ. ಇಷ್ಟಾಗಲು ಏಳು ವಾರ ಬೇಕಾಯಿತು. ನಾನು ನಡುವೆ ಒಂದು ತಪ್ಪು ಮಾಡದೇ ಇದ್ದಿದ್ದರೆ ಎರಡು ಭಾನುವಾರದ ಕೆಲಸ. ಆ ತಪ್ಪು ಜೂನ್ 15ರ ಟಿಪ್ಪಣಿಯಲ್ಲಿದೆ. ಅವಸರ ಇರುವವರು ಅದನ್ನು ಓದಿ, ಆಮೇಲೆ ಜುಲೈ 20ಕ್ಕೆ ಹೋಗಬಹುದು.

ಮೊದಲು ಮನೆಯ ಸ್ಥಿತಿ ಹೇಳುತ್ತೇನೆ. ಕುಮಟಾದಿಂದ ಅಘನಾಶಿನಿಗೆ ಹೋಗುವ ದಾರಿಯಲ್ಲಿ ನಮ್ಮ ಮನೆ. ಕಡಲಿಗೆ ನಡೆದರೆ ಹತ್ತು ನಿಮಿಷ. ಹಳೇ ಕಾಲದ ಚಿರೆಕಲ್ಲಿನ ಗೋಡೆಗಳು, ಒಂದೂವರೆ ಅಡಿ ದಪ್ಪ. ರೀಡರ್ 6 ಇಂಚಿನದು. 2018ರಲ್ಲಿ ಭಾವ ಅಮೆರಿಕದಿಂದ ತಂದುಕೊಟ್ಟದ್ದು. ಮನೆಯ ವೈಫೈ ಸಾಮಾನ್ಯವಾಗಿ ಎರಡು ಬ್ಯಾಂಡಿನಲ್ಲಿ, ಅಂದರೆ ಎರಡು ತರಂಗಪಟ್ಟಿಯಲ್ಲಿ ಬರುತ್ತದೆ: 2.4 ಮತ್ತು 5 ಗಿಗಾಹರ್ಟ್ಸ್. ರೀಡರಿಗೆ 2.4 ಮಾತ್ರ ಗೊತ್ತು. 5 ಗಿಗಾಹರ್ಟ್ಸ್ ಇಲ್ಲ.

ಆಯಿಗೆ ಕಣ್ಣಿನ ಪೊರೆಯ ಆಪರೇಷನ್ ಆದ ಮೇಲೆ ಅಚ್ಚಿನ ಪುಸ್ತಕ ಕಷ್ಟ. ರೀಡರಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡು ಓದುತ್ತಾಳೆ. ಮನೆಯ ಹಳೇ ಕಂಪ್ಯೂಟರಿನಲ್ಲಿ ಕ್ಯಾಲಿಬರ್ ಅನ್ನುವ ಇ-ಪುಸ್ತಕ ಜೋಡಿಸುವ ತಂತ್ರಾಂಶ ಹಾಕಿ, ಕನ್ನಡ ವಿಕಿಸೋರ್ಸ್‌ನಿಂದ ಇಳಿಸಿದ ಇಪಬ್ (ಇ-ಪುಸ್ತಕದ ಕಡತ) ಪುಸ್ತಕಗಳನ್ನೆಲ್ಲ ಅದರಲ್ಲಿ ಜೋಡಿಸಿದ್ದೇನೆ. ಕ್ಯಾಲಿಬರ್‌ನಲ್ಲೇ ಸರ್ವರ್ ಇದೆ. ಅದನ್ನು ಚಾಲೂ ಮಾಡಿಟ್ಟರೆ ರೀಡರಿನ ಬ್ರೌಸರ್‌ನಲ್ಲಿ ಪುಸ್ತಕದ ಪಟ್ಟಿ ಬರುತ್ತದೆ. ಬೇಕಾದ್ದನ್ನು ಒತ್ತಿದರೆ ಇಳಿಯುತ್ತದೆ.

ಕೇಬಲ್ ಹಾಕಿ ನಾನೇ ತುಂಬಿಕೊಡಬಹುದಿತ್ತು. ಈ ಏಳು ವಾರ ಹಾಗೇ ಮಾಡಿದೆ ಕೂಡ. ಆದರೆ ಆಗ ಆಯಿ ಏನು ಓದಬೇಕು ಅನ್ನುವುದನ್ನು ನಾನು ಆರಿಸಿದ ಹಾಗಾಗುತ್ತದೆ. ಅವಳು ರಾತ್ರಿ ನಿದ್ದೆ ಬಾರದೆ ಎದ್ದಾಗ ಯಾರನ್ನೂ ಕೇಳದೆ ತನಗೆ ಬೇಕಾದ್ದು ತೆಗೆದುಕೊಳ್ಳುತ್ತಿದ್ದಳು. ಅದು ಮತ್ತೆ ಆಗಬೇಕು ಅಂತಲೇ ಇಷ್ಟು ಹಟ ಹಿಡಿದದ್ದು.

ಜೂನ್ 8, ಭಾನುವಾರ

ಮೇ ಕೊನೆಯ ಸಿಡಿಲಿಗೆ ಹಳೇ ರೂಟರ್ ಸುಟ್ಟುಹೋಗಿತ್ತು. ಜೂನ್ ಮೊದಲ ವಾರ ಹೊಸದು ಬಂತು. ಹಳೆಯದು ಜಗಲಿಯಲ್ಲಿ, ಆಯಿಯ ಕುರ್ಚಿಯಿಂದ ನಾಲ್ಕು ಅಡಿ ದೂರದಲ್ಲಿತ್ತು. ಹೊಸ ಫೈಬರ್ ತಂತಿ ಮನೆಯ ಹಿಂಬದಿಯಿಂದ ಬಂದದ್ದರಿಂದ ರೂಟರನ್ನು ಹಿಂದಿನ ಕೋಣೆಯಲ್ಲಿ ಕೂರಿಸಿದರು. ಈಗ ನಡುವೆ ಎರಡು ಚಿರೆಕಲ್ಲಿನ ಗೋಡೆ.

"ಮಾಣಿ, ಇದ್ರಲ್ಲಿ ಹೊಸ ಪುಸ್ತಕ ಬತ್ತೇ ಇಲ್ಲೆ. ನಾ ಎಂತದೂ ಮಾಡಿದ್ನಿಲ್ಲೆ" ಅಂದಳು ಆಯಿ.

ನೋಡಿದೆ. ವೈಫೈ ಪಟ್ಟಿಯಲ್ಲಿ ನಮ್ಮ ಮನೆಯ ಹೆಸರೇ ಇಲ್ಲ. ನನ್ನ ಫೋನಿನಲ್ಲಿ ಜಗಲಿಯಲ್ಲೂ ಚೆನ್ನಾಗಿ ಬರುತ್ತಿದೆ.

ಮಾಡಿದ ಪರೀಕ್ಷೆ: ಫೋನಿನ ಹಾಟ್‌ಸ್ಪಾಟ್ ಹಚ್ಚಿ, ಅದನ್ನು 2.4 ಗಿಗಾಹರ್ಟ್ಸ್‌ಗೆ ಇಟ್ಟು, ರೀಡರನ್ನು ಕೂಡಿಸಿದೆ. ತಕ್ಷಣ ಕೂಡಿತು. ಸಿಗ್ನಲ್ಲಿನ ಎಲ್ಲ ಕಡ್ಡಿಗಳೂ ಬಂದವು. ಸರಿ, ರೀಡರ್ ಚೆನ್ನಾಗಿದೆ, ತೊಂದರೆ ಏನಿದ್ದರೂ ರೂಟರಿನದ್ದು ಅಂತ ಬರೆದುಕೊಂಡೆ.

ಈ ತೀರ್ಮಾನ ತಪ್ಪು. ಫೋನು ನನ್ನ ಎಡಗೈಯಲ್ಲಿ, ರೀಡರ್ ಬಲಗೈಯಲ್ಲಿ ಇತ್ತು. ನಡುವೆ ಒಂದು ಅಡಿ ಅಂತರ. ಅಷ್ಟು ಹತ್ತಿರದಿಂದ ಮಾಡುವ ಪರೀಕ್ಷೆ ಆಂಟೆನಾ ಸರಿ ಇದೆಯೋ ಇಲ್ಲವೋ ಅನ್ನುವುದನ್ನು ಹೇಳುವುದೇ ಇಲ್ಲ. ನಾಲ್ಕು ಹೆಜ್ಜೆ ದೂರ ಹೋಗಿದ್ದರೆ ಅವತ್ತೇ ಗೊತ್ತಾಗುತ್ತಿತ್ತು.

ಜೂನ್ 15, ಭಾನುವಾರ

ಕಂಪ್ಯೂಟರಿನಲ್ಲಿ ರೂಟರಿನ ವಿಳಾಸ 192.168.1.1 ತೆರೆದು ಅದರ ಸೆಟ್ಟಿಂಗ್ ಒಳಗೆ ಹೋದೆ. ಅಲ್ಲಿ ಕಂಡದ್ದು ಇಷ್ಟು: 2.4 ಮತ್ತು 5 ಗಿಗಾಹರ್ಟ್ಸ್ ಎರಡಕ್ಕೂ ಒಂದೇ ಹೆಸರು. ಚಾನೆಲ್ (ಬ್ಯಾಂಡಿನೊಳಗಿನ ಒಂದೊಂದು ದಾರಿ) ಆಟೋದಲ್ಲಿದೆ, ಆದರೆ ಅದು ಹೋಗಿ ಕೂತದ್ದು 13ರಲ್ಲಿ. ಭದ್ರತೆ, ಅಂದರೆ ವೈಫೈ ಪಾಸ್‌ವರ್ಡ್ ಕಾಯುವ ಕ್ರಮ, ಹಳೆಯ ಡಬ್ಲ್ಯೂಪಿಎ2 ಮತ್ತು ಹೊಸ ಡಬ್ಲ್ಯೂಪಿಎ3 ಎರಡೂ ಬೆರೆತದ್ದು.

ಚಾನೆಲ್ 13 ನೋಡಿದ ಕೂಡಲೇ ಒಂದು ಗಂಟು ಬಿಚ್ಚಿತು. ನಮ್ಮಲ್ಲಿ 1ರಿಂದ 13ರವರೆಗಿನ ಚಾನೆಲ್ ನಡೆಯುತ್ತವೆ. ಅಮೆರಿಕದ ಲೆಕ್ಕಕ್ಕೆ ತಯಾರಾದ ಸಾಮಾನು ಸಾಮಾನ್ಯವಾಗಿ 11ರವರೆಗೆ ಮಾತ್ರ ಕೇಳಿಸಿಕೊಳ್ಳುತ್ತದೆ. 12, 13ರಲ್ಲಿ ಇರುವ ರೂಟರ್ ಅದರ ಪಾಲಿಗೆ ಇಲ್ಲವೇ ಇಲ್ಲ. ಭಾವ ತಂದ ರೀಡರಿಗೆ ಆದದ್ದು ಅದೇ.

ಮಾಡಿದ್ದು:

1. ಎರಡು ಬ್ಯಾಂಡಿಗೂ ಬೇರೆ ಬೇರೆ ಹೆಸರು. 2.4ಕ್ಕೆ ಕನ್ನಡದಲ್ಲಿ "ಅಘನಾಶಿನಿ ಮನೆ" ಅಂತ ಇಡಲು ಹೋದೆ, ರೂಟರ್ ಒಪ್ಪಲಿಲ್ಲ. ಹೆಸರಿಗೆ 32 ಬೈಟ್ ಮಿತಿ. ಕನ್ನಡದ ಒಂದೊಂದು ಅಕ್ಷರ, ಒಂದೊಂದು ಗುಣಿತದ ಚಿಹ್ನೆ ಮೂರು ಮೂರು ಬೈಟ್ ತಿನ್ನುತ್ತದೆ. ಲೆಕ್ಕ ಹಾಕಿದರೆ ಅದು 34. "ನಮ್ಮನೆ" ಅಂದರೆ 18, ಒಪ್ಪಿತು. ಆದರೆ ರೀಡರಿನ ಪಟ್ಟಿಯಲ್ಲಿ ಬರೀ ಚೌಕಗಳು ಕಂಡವು. ಪುಸ್ತಕ ಓದಲು ಕನ್ನಡ ಅಕ್ಷರ ಹಾಕಿದ್ದೇನೆ, ಸೆಟ್ಟಿಂಗ್ ಪುಟಕ್ಕೆ ಅದು ತಾಗುವುದಿಲ್ಲ. ಬೇಜಾರಾಯಿತು, ಆದರೂ ಇಂಗ್ಲಿಷ್ ಅಕ್ಷರದಲ್ಲೇ "ಮನೆ" ಅಂತ ಇಟ್ಟೆ.

2. ಚಾನೆಲ್ 6, ಅಗಲ 20 ಮೆಗಾಹರ್ಟ್ಸ್. 1, 6, 11 ಒಂದರ ಮೇಲೊಂದು ಬೀಳುವುದಿಲ್ಲ, ಹಾಗಾಗಿ ಈ ಮೂರರಲ್ಲಿ ಒಂದು ಆರಿಸಬೇಕು. ನಮ್ಮ ಸುತ್ತ ಇನ್ನೊಂದೇ ಮನೆಯ ವೈಫೈ ಕಾಣುತ್ತದೆ, ಅದು 1ರಲ್ಲಿದೆ.

ಈಗ ಜಗಲಿಯಲ್ಲಿ ರೀಡರಿನ ಪಟ್ಟಿಯಲ್ಲಿ ಹೆಸರು ಬಂತು. ಒಂದೇ ಕಡ್ಡಿ. ಪಾಸ್‌ವರ್ಡ್ ಹಾಕಿದರೆ ಅರ್ಧ ನಿಮಿಷ ತಿರುಗಿ "ಸಂಪರ್ಕ ಆಗಲಿಲ್ಲ" ಅಂತ ನಿಂತಿತು.

3. ಭದ್ರತೆಯನ್ನು ಬರೀ ಡಬ್ಲ್ಯೂಪಿಎ2ಗೆ ಬದಲಿಸಿದೆ. ಹಳೇ ಸಾಮಾನು ಎಷ್ಟೋ ಸಲ ಬೆರೆತ ಭದ್ರತೆಗೆ ತಡವರಿಸುತ್ತದೆ ಅಂತ ಗೊತ್ತಿತ್ತು. ಜಗಲಿಗೆ ಬಂದು ನೋಡಿದೆ. ಆಗಲೂ ಕೂಡಲಿಲ್ಲ.

4. ಇದಲ್ಲ ಕಾರಣ ಅಂದುಕೊಂಡು ಭದ್ರತೆಯನ್ನು ಮತ್ತೆ ಮೊದಲಿನ ಹಾಗೆ ಬೆರಕೆಗೆ ತಿರುಗಿಸಿದೆ.

ಐದು ವಾರ ಹೋದದ್ದು ಈ ನಾಲ್ಕನೇ ಹೆಜ್ಜೆಗೆ. ತೊಂದರೆ ಎರಡು ಇದ್ದವು. ಮೂರನೇ ಹೆಜ್ಜೆಯಲ್ಲಿ ಒಂದನ್ನು ಸರಿಯಾಗಿಯೇ ತೆಗೆದಿದ್ದೆ. ಎರಡನೆಯದು, ಅಂದರೆ ರೀಡರಿನ ಕೆಟ್ಟ ಆಂಟೆನಾ, ಉಳಿದಿದ್ದರಿಂದ ಫಲ ಕಾಣಲಿಲ್ಲ. ಫಲ ಕಾಣಲಿಲ್ಲ ಅಂತ ಸರಿ ಮಾಡಿದ್ದನ್ನೂ ಕೆಡಿಸಿದೆ. ಆಮೇಲೆ ರೀಡರನ್ನು ರೂಟರಿನ ಪಕ್ಕಕ್ಕೇ ಒಯ್ದು ನೋಡಿದೆ. ಕಡ್ಡಿಗಳು ತುಂಬಿದ್ದವು, ಆದರೂ ಕೂಡಲಿಲ್ಲ. ಯಾಕೆಂದರೆ ಅಷ್ಟು ಹೊತ್ತಿಗೆ ಭದ್ರತೆ ಬೆರಕೆಗೆ ವಾಪಸ್ ಹೋಗಿತ್ತು. ದೂರದಲ್ಲಿ ಒಂದು ಕಾರಣಕ್ಕೆ ಸೋತಿತು, ಹತ್ತಿರದಲ್ಲಿ ಇನ್ನೊಂದು ಕಾರಣಕ್ಕೆ ಸೋತಿತು. ನನಗೆ ಎರಡೂ ಒಂದೇ ಸೋಲಿನ ಹಾಗೆ ಕಂಡಿತು. ಡಬ್ಲ್ಯೂಪಿಎ2 ಇಟ್ಟುಕೊಂಡೇ ರೂಟರಿನ ಪಕ್ಕ ಹೋಗಿದ್ದರೆ ಅವತ್ತೇ ಅರ್ಧ ಕೆಲಸ ಮುಗಿಯುತ್ತಿತ್ತು.

ಜೂನ್ 22, ಭಾನುವಾರ

ಈ ದಿನ ಮಾಡಿದ್ದು ನೆನೆದರೆ ಈಗಲೂ ಮನಸ್ಸಿಗೆ ಕಷ್ಟ. ರೀಡರನ್ನು ಫ್ಯಾಕ್ಟರಿ ರೀಸೆಟ್ ಮಾಡಿದೆ. ಪುಸ್ತಕಗಳೆಲ್ಲ ಕಂಪ್ಯೂಟರಿನಲ್ಲಿ ಇವೆಯಲ್ಲ, ಮತ್ತೆ ಹಾಕಿದರಾಯಿತು ಅಂದುಕೊಂಡಿದ್ದೆ. ಆಯಿ ಏಳು ವರ್ಷದಿಂದ ಸಾಲುಗಳಿಗೆ ಗುರುತು ಹಾಕಿಕೊಂಡು ಬಂದಿದ್ದಳು. ಮದುವೆ ಹಾಡಿನ ಸಾಲು, ಯಾವುದೋ ಗಾದೆ, ಅಡುಗೆಯ ಅಳತೆ, ಹೀಗೆ. ಅವೆಲ್ಲ ರೀಡರಿನ ಒಳಗೆ ಮಾತ್ರ ಇದ್ದವು. ಕೇಬಲ್ ಹಾಕಿ ಒಂದು ಸಲ ಎಲ್ಲ ನಕಲು ತೆಗೆದಿಟ್ಟಿದ್ದರೆ ಉಳಿಯುತ್ತಿದ್ದವು. ಐದು ನಿಮಿಷದ ಕೆಲಸ. ನಾನು ಮಾಡಲಿಲ್ಲ.

ಹೇಳಿದಾಗ ಆಯಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಅಡ್ಡಿಲ್ಲೆ ಮಾಣಿ, ಮತ್ತೊಂದ್ಸಲ ಓದಿದ್ರಾತು" ಅಂದಳು.

ರೀಸೆಟ್‌ನಿಂದ ವೈಫೈಗೆ ಏನೂ ಉಪಯೋಗ ಆಗಲಿಲ್ಲ. ಮೇಲಿಂದ ಗಡಿಯಾರ 2018ಕ್ಕೆ ಹೋಗಿ ನಿಂತಿತು. ತಾರೀಕು ತಪ್ಪಿದ್ದರೆ ಸುರಕ್ಷಿತ ತಾಣಗಳು ಯಾವುವೂ ತೆರೆಯುವುದಿಲ್ಲ, ಪ್ರಮಾಣಪತ್ರ ಹೊಂದುವುದಿಲ್ಲ. ತಾರೀಕನ್ನು ಕೈಯಲ್ಲೇ ಸರಿ ಮಾಡಿದೆ. ನೀವೂ ರೀಸೆಟ್ ಮಾಡಿದ್ದರೆ ಮೊದಲು ತಾರೀಕು ನೋಡಿ.

ಜುಲೈ 6, ಭಾನುವಾರ

ಎರಡು ವಾರ ಮುಟ್ಟಲಿಲ್ಲ. ಮಳೆ ಜೋರು, ಅಂಗಡಿಯಲ್ಲಿ ಶಾಲೆಗಳ ಅಚ್ಚಿನ ಕೆಲಸವೂ ಜಾಸ್ತಿ ಇತ್ತು. ಇವತ್ತು ಬೇರೆ ರೀತಿ ಮಾಡಿ ನೋಡೋಣ ಅನ್ನಿಸಿತು. ಜಗಲಿಯ ಒಂದು ತುದಿಯಲ್ಲಿ ಸ್ಟೂಲಿನ ಮೇಲೆ ಫೋನಿಟ್ಟು ಹಾಟ್‌ಸ್ಪಾಟ್ ಹಚ್ಚಿದೆ. ಟೇಪು ಹಿಡಿದು ಅಡಿ ಅಳೆದು ನೆಲಕ್ಕೆ ಸೀಮೆಸುಣ್ಣದ ಗೆರೆ ಎಳೆದೆ. ನಡುವೆ ಗೋಡೆಯಿಲ್ಲ, ಬಾಗಿಲಿಲ್ಲ.

1 ಅಡಿಯಲ್ಲಿ 4 ಕಡ್ಡಿ. 3 ಅಡಿಯಲ್ಲಿ 2. 6 ಅಡಿಯಲ್ಲಿ 1. 10 ಅಡಿಯಲ್ಲಿ ಹೆಸರೇ ಮಾಯ.

ಅದೇ 10 ಅಡಿಯಲ್ಲಿ ಇನ್ನೊಂದು ಫೋನಿನಲ್ಲಿ ಅಳೆದರೆ ಮೈನಸ್ 46 ಡಿಬಿಎಂ (ಸಿಗ್ನಲ್ ಬಲದ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು). ಅಂದರೆ ಬಹಳ ಒಳ್ಳೆಯ ಸಿಗ್ನಲ್. ಮೈನಸ್ 70 ದಾಟಿದ ಮೇಲೆ ತೊಂದರೆ ಶುರುವಾಗಬೇಕು, 80 ಆದರೆ ಕಷ್ಟ. ಕಣ್ಣೆದುರಿಗೆ ಇರುವ ಫೋನನ್ನು ರೀಡರ್ 10 ಅಡಿಯಿಂದ ಕಾಣುವುದಿಲ್ಲ ಅಂದರೆ ಆಂಟೆನಾಕ್ಕೇ ಏನೋ ಆಗಿದೆ. ಹಳೇ ರೂಟರ್ ನಾಲ್ಕು ಅಡಿಯಲ್ಲಿ ಇದ್ದದ್ದರಿಂದ ಇಷ್ಟು ದಿನ ಇದು ಮುಚ್ಚಿಹೋಗಿತ್ತು.

ಸೀಮೆಸುಣ್ಣದ ಈ ಪರೀಕ್ಷೆಗೆ ಒಂದು ರೂಪಾಯಿ ಖರ್ಚಿಲ್ಲ, ಹತ್ತು ನಿಮಿಷ ಸಾಕು. ಯಾವ ಸೆಟ್ಟಿಂಗನ್ನೂ ಮುಟ್ಟುವ ಮೊದಲು ಮಾಡಬೇಕಾದದ್ದು ಇದೇ.

ಜುಲೈ 13, ಭಾನುವಾರ: ಬಿಚ್ಚಿದ್ದು

ಸಾಮಾನು: ಟಿ5 ಟಾರ್ಕ್ಸ್ (ನಕ್ಷತ್ರದಾಕಾರದ ಮೊನೆಯ) ಸ್ಕ್ರೂಡ್ರೈವರ್ ಇರುವ ಸೆಟ್ಟು (220 ರೂಪಾಯಿ), ಐಸೊಪ್ರೊಪೈಲ್ ಆಲ್ಕೊಹಾಲ್ 100 ಎಂಎಲ್ (110 ರೂಪಾಯಿ), ಹಳೇ ಎಟಿಎಂ ಕಾರ್ಡು, ಚಿಮಟ, ಮೆತ್ತನೆಯ ಹಲ್ಲುಜ್ಜುವ ಬ್ರಷ್ಷು, ಮಲ್ಟಿಮೀಟರ್, ಸ್ಕ್ರೂ ಇಡಲು ಇಡ್ಲಿ ತಟ್ಟೆ. ಇಡ್ಲಿ ತಟ್ಟೆಯ ಒಂದೊಂದು ಗುಳಿಗೆ ಒಂದೊಂದು ಸಾಲಿನ ಸ್ಕ್ರೂ ಹಾಕಿದರೆ ಕಲಸುವುದಿಲ್ಲ.

ಎದುರಿನ ಚೌಕಟ್ಟು ಅಂಟಿನಲ್ಲೂ ಕ್ಲಿಪ್ಪಿನಲ್ಲೂ ಕೂತಿರುತ್ತದೆ. ಕಾರ್ಡಿನ ಮೂಲೆ ತೂರಿಸಿ ನಿಧಾನ ಎಬ್ಬಿಸಬೇಕು. ಪರದೆಯ ತಳ ತೆಳು ಗಾಜು. ಸ್ವಲ್ಪ ಬಗ್ಗಿದರೂ ಒಡೆಯುತ್ತದೆ, ಹೊರಗಿಂದ ಬಿರುಕು ಕಾಣುವುದೂ ಇಲ್ಲ. ನಾನು ಮೊದಲು ಮೇಲಿನ ಎಡ ಮೂಲೆಯಿಂದ ಶುರು ಮಾಡಿ ಒಂದು ಕ್ಲಿಪ್ಪು ಮುರಿದೆ. ಕೆಳಗಿನ ಬದಿಯಿಂದ ಹೋದಾಗ ಸಲೀಸಾಗಿ ಬಂತು.

ಇನ್ನೊಂದು ತಪ್ಪು: ಬ್ಯಾಟರಿಯ ಕನೆಕ್ಟರ್ ತೆಗೆಯದೆ ಆಲ್ಕೊಹಾಲ್ ಬ್ರಷ್ಷು ಹಚ್ಚಲು ಹೋಗಿದ್ದೆ. ಅಷ್ಟರಲ್ಲಿ ನೆನಪಾಗಿ ನಿಲ್ಲಿಸಿದೆ. ಮೊದಲು ಬ್ಯಾಟರಿ ಬಿಡಿಸಿ, ಆಮೇಲೆ ಬೇರೆ ಮಾತು.

ಆಂಟೆನಾ ಅಂದರೆ ಹಿಂದಿನ ಮುಚ್ಚಳದ ಒಳಗೆ ಅಂಟಿಸಿದ ತೆಳು ಪಟ್ಟಿ, ಬೆರಳಿನಷ್ಟು ಉದ್ದ. ಅದರ ತುದಿಯಲ್ಲಿ ಚಿನ್ನದ ಬಣ್ಣದ ಎರಡು ಚುಕ್ಕೆ. ಬೋರ್ಡಿನ ಮೇಲೆ ಎರಡು ಪುಟ್ಟ ಸ್ಪ್ರಿಂಗು, ಒಂದೊಂದೂ ಜೀರಿಗೆ ಕಾಳಿನಷ್ಟು. ಮುಚ್ಚಳ ಹಾಕಿದಾಗ ಸ್ಪ್ರಿಂಗು ಚುಕ್ಕೆಗೆ ಒತ್ತಿ ನಿಲ್ಲಬೇಕು. ಬೆಸುಗೆ ಇಲ್ಲ, ಬರೀ ಒತ್ತಡ.

ಭೂತಗನ್ನಡಿ ಹಿಡಿದು ನೋಡಿದೆ. ಒಂದು ಸ್ಪ್ರಿಂಗಿನ ತುದಿಯಲ್ಲಿ ಹಸಿರು ಕಿಲುಬು. ದೇವರ ಕೋಣೆಯ ತಾಮ್ರದ ಕೌಳಿಗೆಯನ್ನು ಮಳೆಗಾಲದಲ್ಲಿ ನಾಲ್ಕು ದಿನ ಹುಣಸೆಹಣ್ಣು ಹಾಕಿ ತಿಕ್ಕದೆ ಬಿಟ್ಟರೆ ತಳದಲ್ಲಿ ಬರುತ್ತದಲ್ಲ, ಅದೇ ಹಸಿರು. ಎರಡನೇ ಸ್ಪ್ರಿಂಗು ಕಪ್ಪಾಗಿ, ಬಗ್ಗಿ ಮಲಗಿಬಿಟ್ಟಿತ್ತು.

ಸ್ಪ್ರಿಂಗಿನ ಬುಡಕ್ಕೆ ಮೀಟರಿನ ಒಂದು ಮೊನೆ, ಪಟ್ಟಿಯ ತಾಮ್ರಕ್ಕೆ ಇನ್ನೊಂದು ಮೊನೆ ಇಟ್ಟು, ರಟ್ಟಿನ ಚೂರಿನಿಂದ ಒತ್ತಿ ಹಿಡಿದು ಅಳೆದೆ. 40 ಓಮ್, 200 ಓಮ್, ಆಮೇಲೆ ಏನೂ ಇಲ್ಲ. ಅಂಕಿ ಕುಣಿಯುತ್ತಲೇ ಇತ್ತು. ಸ್ಪ್ರಿಂಗು ಸರಿಯಾಗಿ ತಾಗಿದ್ದರೆ ಅದು ಸೊನ್ನೆಯ ಹತ್ತಿರ ನಿಲ್ಲಬೇಕು. ಆಲ್ಕೊಹಾಲ್ ಹಚ್ಚಿ ಬ್ರಷ್ಷಿನಿಂದ ತಿಕ್ಕಿದ ಮೇಲೆ ಮೊದಲ ಸ್ಪ್ರಿಂಗು 0.4 ಓಮ್‌ಗೆ ಬಂದು ನಿಂತಿತು.

ಮಲಗಿದ್ದ ಎರಡನೆಯದನ್ನು ಚಿಮಟದಿಂದ ಎಬ್ಬಿಸಲು ಹೋದೆ. ಬುಡದಲ್ಲೇ ಮುರಿಯಿತು. ಅದು ಆಗಲೇ ಒಳಗಿಂದ ತಿಂದುಹೋಗಿತ್ತು, ಎಬ್ಬಿಸಬಾರದಿತ್ತು. ಎಲ್ಲವನ್ನೂ ಡಬ್ಬಿಗೆ ಹಾಕಿ ಮುಚ್ಚಿಟ್ಟೆ.

ಜುಲೈ 15, ಮಂಗಳವಾರ

ಕುಮಟಾ ಪೇಟೆಯಲ್ಲಿ ಮೊಬೈಲ್ ರಿಪೇರಿ ಮಾಡುವವರೊಬ್ಬರ ಹತ್ತಿರ ಬೋರ್ಡು ಒಯ್ದೆ. ಅವರು ಲೆನ್ಸ್ ಹಾಕಿ ನೋಡಿ, "ಇದಕ್ಕೆ ಉಪ್ಪು ಹಿಡಿದಿದೆ ಮಾರಾಯ್ರೆ. ಕಡಲ ಬದಿಯ ಫೋನೆಲ್ಲ ಹೀಗೇ ಬರ್ತವೆ" ಅಂದರು. ಕೆಟ್ಟ ಫೋನೊಂದರ ಬೋರ್ಡಿನಿಂದ ಅಷ್ಟೇ ಎತ್ತರದ ಸ್ಪ್ರಿಂಗು ಎತ್ತಿ, ಬಿಸಿಗಾಳಿಯಲ್ಲಿ ಕೂರಿಸಿಕೊಟ್ಟರು. ಎತ್ತರ ಹೊಂದಬೇಕು ಅನ್ನುವುದಕ್ಕೆ ನಾಲ್ಕೈದು ತೆಗೆದು ಅಳೆದು ನೋಡಿದರು. ಹತ್ತಿರದ ಪ್ಲಾಸ್ಟಿಕ್ ಕನೆಕ್ಟರಿಗೆ ಬಿಸಿ ತಾಗದ ಹಾಗೆ ಟೇಪು ಅಂಟಿಸಿಯೇ ಕೆಲಸ ಮಾಡಿದರು. 150 ರೂಪಾಯಿ. ನನ್ನ ಕೈಯಲ್ಲಿ ಆಗುವ ಕೆಲಸ ಆಗಿರಲಿಲ್ಲ.

ಉಪ್ಪು ಒಳಗೆ ಹೋದದ್ದು ಹೇಗೆ ಅಂತ ಮನೆಗೆ ಬಂದು ಆಯಿಯನ್ನು ಕೇಳಿದೆ. ಮಳೆಗಾಲದಲ್ಲಿ ಬೆಚ್ಚಗಿರಲಿ ಅಂತ ಅವಳು ರೀಡರನ್ನು ಬಟ್ಟೆ ಸುತ್ತಿ ಬಚ್ಚಲ ಒಲೆಯ ಗೋಡೆಯ ಗೂಡಿನಲ್ಲಿ ಇಡುತ್ತಿದ್ದಳಂತೆ. ಬೆಂಕಿಪೆಟ್ಟಿಗೆ, ಉಪ್ಪಿನ ಭರಣಿ ಬೆಚ್ಚಗಿಡುವ ಹಾಗೆ. ಅವಳ ಯೋಚನೆ ತಪ್ಪಲ್ಲ. ಆದರೆ ಬಚ್ಚಲಲ್ಲಿ ಹಂಡೆಯ ಹಬೆಯೂ ಇದೆ, ಹೊಗೆಯೂ ಇದೆ. ಕಡಲ ಗಾಳಿಯ ಉಪ್ಪಿನ ಮೇಲೆ ದಿನಾ ಹಬೆ ಕೂತರೆ ಲೋಹಕ್ಕೆ ಕಿಲುಬು ಹಿಡಿಯದೇ ಇರುತ್ತದಾ?

ಜುಲೈ 20, ಭಾನುವಾರ

ಎರಡೂ ಸ್ಪ್ರಿಂಗು 0.4 ಓಮ್. ತೆಳು ಡಬಲ್ ಟೇಪು (60 ರೂಪಾಯಿ) ಹಾಕಿ ಮುಚ್ಚಿದೆ. ಮುರಿದ ಕ್ಲಿಪ್ಪಿನ ಜಾಗಕ್ಕೆ ಟೇಪು ಸ್ವಲ್ಪ ಜಾಸ್ತಿ.

ಜಗಲಿಯ ಸೀಮೆಸುಣ್ಣದ ಗೆರೆಗಳ ಮೇಲೆ ಮತ್ತೆ ಪರೀಕ್ಷೆ. 10 ಅಡಿಯಲ್ಲಿ 4 ಕಡ್ಡಿ. 25 ಅಡಿಯಲ್ಲಿ, ಅಂಗಳದ ತುಳಸಿಕಟ್ಟೆಯ ಹತ್ತಿರ, 3.

ಮನೆಯ ವೈಫೈ ಒತ್ತಿದೆ. ಜಗಲಿಯಲ್ಲಿ 3 ಕಡ್ಡಿ ಬಂತು. ಪಾಸ್‌ವರ್ಡ್ ಹಾಕಿದೆ. ಕೂಡಲಿಲ್ಲ.

ಇಷ್ಟು ಮಾಡಿದ ಮೇಲೂ ಆಗಲಿಲ್ಲವಲ್ಲ ಅಂತ ಕೈ ಸೋತಿತು. ನೋಟ್‌ಬುಕ್ ತೆಗೆದು ಮೊದಲಿಂದ ಓದಿದೆ. ಜೂನ್ 15ರ ಪುಟದಲ್ಲಿ "ಮತ್ತೆ ಬೆರಕೆಗೆ ತಿರುಗಿಸಿದೆ" ಅನ್ನುವ ಸಾಲು ಸಿಕ್ಕಿತು. ಅವತ್ತು ಆ ಪರೀಕ್ಷೆ ಮಾಡಿದ್ದು ಜಗಲಿಯಲ್ಲಿ, ಕೆಟ್ಟ ಆಂಟೆನಾ ಇಟ್ಟುಕೊಂಡು. ಹಾಗಾದರೆ ಆ ಪರೀಕ್ಷೆಗೆ ಬೆಲೆಯೇ ಇಲ್ಲ. ರೂಟರ್ ತೆರೆದು 2.4 ಗಿಗಾಹರ್ಟ್ಸ್‌ಗೆ ಡಬ್ಲ್ಯೂಪಿಎ2 ಮಾತ್ರ ಇಟ್ಟೆ. 5 ಗಿಗಾಹರ್ಟ್ಸ್ ಬೆರಕೆಯಲ್ಲೇ ಇರಲಿ ಅಂತ ಬಿಟ್ಟೆ, ಫೋನುಗಳಿಗೆ ಅದು ಸಾಕು.

ನಾಲ್ಕು ಸೆಕೆಂಡಿನಲ್ಲಿ ಕೂಡಿತು. ನೋಟ್‌ಬುಕ್ಕಿನಲ್ಲಿ ಬರೆದಿರದಿದ್ದರೆ ನಾನು ರೀಡರನ್ನು ಮತ್ತೊಂದು ಸಲ ಬಿಚ್ಚುತ್ತಿದ್ದೆ.

ಜುಲೈ 27, ಭಾನುವಾರ

ವೈಫೈ ಬಂತು, ಪುಸ್ತಕದ ಪಟ್ಟಿ ಬರಲಿಲ್ಲ. ಇದು ಬೇಗ ಸಿಕ್ಕಿತು.

ಹಳೇ ರೂಟರ್ ಕಂಪ್ಯೂಟರಿಗೆ 192.168.0 ಅಂತ ಶುರುವಾಗುವ ವಿಳಾಸ ಕೊಡುತ್ತಿತ್ತು, ಹೊಸದು 192.168.1 ಅಂತ. ಹಾಗಾಗಿ ಹಳೇ ವಿಳಾಸ ಹಾಕಿದರೆ ಪಟ್ಟಿ ಸಿಗುವುದಿಲ್ಲ. ಹೊಸ ರೂಟರಿನಲ್ಲಿ ಕಂಪ್ಯೂಟರಿಗೆ 192.168.1.50 ಅಂತ ಖಾಯಂ ಮಾಡಿದೆ, ಇನ್ನು ಅದು ಬದಲಾಗುವುದಿಲ್ಲ. ಕ್ಯಾಲಿಬರ್‌ನ ಸರ್ವರ್ ಆ ವಿಳಾಸದ 8080 ಅನ್ನುವ ಪೋರ್ಟಿನಲ್ಲಿ (ಬಾಗಿಲು ಸಂಖ್ಯೆ) ಇರುತ್ತದೆ. ಅಷ್ಟಾದರೂ ಪುಟ ತೆರೆಯಲಿಲ್ಲ. ವಿಂಡೋಸ್ ಹೊಸ ವೈಫೈಯನ್ನು ಸಾರ್ವಜನಿಕ ಜಾಲ ಅಂತ ಲೆಕ್ಕ ಹಾಕಿ ಬೇರೆಯವರು ಒಳಗೆ ಬರದಂತೆ ತಡೆದಿತ್ತು. ಅದನ್ನು ಖಾಸಗಿ ಅಂತ ಬದಲಿಸಿದೆ. ಪಟ್ಟಿ ಬಂತು. ರೀಡರಿನ ಬ್ರೌಸರ್‌ನಲ್ಲಿ ಹೊಸ ವಿಳಾಸವನ್ನು ಆಯಿಗೆ ಒಂದೇ ಒತ್ತಿಗೆ ಸಿಗುವ ಹಾಗೆ ಉಳಿಸಿಕೊಟ್ಟೆ.

ಅವತ್ತೇ ರೀಡರಿಗೆ ಒಂದು ಸ್ಟೀಲ್ ಡಬ್ಬಿ ಮಾಡಿದೆ. ಒಳಗೆ 100 ಗ್ರಾಂ ಸಿಲಿಕಾ ಜೆಲ್ (85 ರೂಪಾಯಿ), ತೆಳು ಬಟ್ಟೆಯ ಚೀಲದಲ್ಲಿ. ನೀಲಿ ಕಾಳು ಗುಲಾಬಿಯಾದರೆ ನೀರು ಕುಡಿದಿದೆ ಅಂತ ಅರ್ಥ. ಅಡುಗೆಗೆ ಬಳಸದ ಹಳೇ ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತದೆ. ಆ ನೀಲಿ ಬಣ್ಣ ವಿಷ, ಅಡುಗೆ ಪಾತ್ರೆಗೆ ಮುಟ್ಟಿಸಬೇಡಿ.

ಒಟ್ಟು ಖರ್ಚು 625 ರೂಪಾಯಿ.

ಆಗಸ್ಟ್ 24, ಭಾನುವಾರ

ನಾಲ್ಕು ವಾರ ನೋಡಿದೆ. ಜಗಲಿಯಲ್ಲಿ 3 ಕಡ್ಡಿ, ಆಯಿಯ ಮಲಗುವ ಕೋಣೆಯಲ್ಲಿ 2. ಒಂದು ದಿನವೂ ತಪ್ಪಿಲ್ಲ. ಬ್ಯಾಟರಿ ತೀರಾ ಕೆಳಗಿಳಿದಾಗ ಮಾತ್ರ ಕಡಿದುಹೋಗುತ್ತದೆ, ಚಾರ್ಜಿಗೆ ಹಾಕಿದರೆ ಸರಿ. ಸಿಲಿಕಾ ಜೆಲ್ಲನ್ನು ಒಂದು ಸಲ ಬಿಸಿ ಮಾಡಿದ್ದಾಯಿತು.

ಆಯಿ ಗುರುತು ಹಾಕಲು ಮತ್ತೆ ಶುರು ಮಾಡಿದ್ದಾಳೆ. ಇವತ್ತಿಗೆ 31 ಆಗಿವೆ. ಪ್ರತಿ ಭಾನುವಾರ ಕೇಬಲ್ ಹಾಕಿ ಆ ಕಡತವನ್ನು ಕಂಪ್ಯೂಟರಿಗೂ ಒಂದು ಪೆನ್‌ಡ್ರೈವಿಗೂ ನಕಲು ಮಾಡುತ್ತಿದ್ದೇನೆ.

ಅಡುಗೆಮನೆಯಲ್ಲಿ ಇನ್ನೂ ಒಂದೇ ಕಡ್ಡಿ. ಬುಧವಾರ ಚೌತಿ. ಅದು ಮುಗಿದ ಮೇಲೆ ಅಟ್ಟದ ಮೂಲಕ ಒಂದು ತಂತಿ ಎಳೆದು ರೂಟರನ್ನು ನಡುಮನೆಗೆ ತರಬೇಕು. ಅಳತೆ ತೆಗೆದಿದ್ದೇನೆ, 14 ಮೀಟರ್ ಬೇಕು.